ಒತ್ತಿ ನೋಡದ ಹೊಟ್ಟೆ

ಬೋರಗಾಂವದ ನಾಮದೇವ ಆಡಿನ ವ್ಯಾಪಾರಿ. ಊರಿನ ಸಣ್ಣ ಚರ್ಚಿನಲ್ಲಿ ಸಭೆಯ ಹಿರಿಯ. ಚಿಕ್ಕೋಡಿ ಸಂತೆಯಲ್ಲಿ ಅವನ ಕೈಗೆ ಬೆಲೆಯಿತ್ತು. ಆಡಿನ ಹೊಟ್ಟೆ ಒತ್ತಿ ನೋಡಿ, ಗಬ್ಬವಿದ್ದರೆ ಮಾರುವವರಿಗೆ ತಾನೇ ಹೇಳಿ, ಆಮೇಲೆ ದರ ಮಾತಾಡುವವನು. ಆ ಹೆಸರೇ ಅವನ ಬಂಡವಾಳ.

ಶೋಧನೆಯಿಂದ ತಪ್ಪಿಸು, ಪಾಪಕ್ಕೆ ಎಳೆಯುವ ಆಸೆಗೆ ಬೀಳಿಸಬೇಡ ಎಂದು ಭಾನುವಾರ ಪ್ರಾರ್ಥಿಸುವಾಗ ಎಲ್ಲರಿಗಿಂತ ಅವನ ದನಿಯೇ ದೊಡ್ಡದು. ಸೈತಾನ ಬಂದರೆ ಸಾರಾಯಿ ಅಂಗಡಿಯಿಂದಲೋ ಮಟ್ಕಾ ಚೀಟಿಯಿಂದಲೋ ಬರುತ್ತಾನೆಂದು ನಂಬಿ, ಆ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ.

ಸೈತಾನನಿಗೆ ಸಂತೆಯ ದಾರಿಯೂ ಗೊತ್ತಿತ್ತು. ಕ್ರಿಸ್‌ಮಸ್ ಹತ್ತಿರ ಬಂದಾಗ ಸತ್ತೆವ್ವ ಎಂಬ ಕುರಿ ಕಾಯುವ ಮನೆತನದ ಮುದುಕಿ ಡೊಳ್ಳು ಹೊಟ್ಟೆಯ ಆಡೊಂದನ್ನು ಹಿಡಿದು ನಿಂತಿದ್ದಳು. ಆಡಿನ ಸಂಗತಿಯೆಲ್ಲ ಮಗನಿಗೇ ಗೊತ್ತು, ತನಗೇನೂ ತಿಳಿಯದು ಎಂದಳು. ಹೇಳಿದ ದರ ಸಾದಾ ಆಡಿಗಿಂತ ತುಸು ಹೆಚ್ಚು, ಗಬ್ಬದ ಆಡಿಗಿಂತ ಬಹಳ ಕಡಿಮೆ.

ಹೊಟ್ಟೆಯಲ್ಲಿ ಜೋಡಿ ಮರಿ ಇವೆ ಎಂದುಕೊಂಡ ನಾಮದೇವ, ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಭಕ್ತಿಯ ಮಾತೊಂದು ಎದ್ದಿತು: ಒಂದು ಮರಿ ಚರ್ಚಿಗೆ ಕೊಟ್ಟರಾಯಿತು, ಇದು ದೇವರೇ ಕಳಿಸಿದ್ದು. ಬಾಯಿ ಮುಚ್ಚಿತು. ಹೊಟ್ಟೆ ಒತ್ತಿದರೆ ಮುದುಕಿಗೆ ಸುಳಿವು ಸಿಕ್ಕೀತೆಂದು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡ.

ಹೇಳಿದಷ್ಟು ಕೊಟ್ಟು ಆಡನ್ನು ಮನೆಗೆ ತಂದು, ಹೆಂಡತಿ ಸುಜಾತಾಳಿಗೆ ಚರ್ಚಿನ ಮರಿಯ ಸುದ್ದಿ ಹೇಳಿ ಮುಗಿಸಿರಲಿಲ್ಲ, ಆಡು ಅಂಗಳದ ತುಂಬ ಉಚ್ಚೆ ಹೊಯ್ಯತೊಡಗಿತು. ಹೊತ್ತು ಮುಳುಗುವುದರೊಳಗೆ ಗಾಳಿ ಬಿಟ್ಟ ಟ್ಯೂಬಿನಂತಾಯಿತು. ಉಪ್ಪು ತಿನ್ನಿಸಿ ನೀರು ಕುಡಿಸಿದ ಹೊಟ್ಟೆ ಅದು.

ಸುಜಾತಾ ಕಸಬರಿಗೆ ಹಿಡಿದು ನಿಂತಳು. "ಚರ್ಚಿನ ಮರಿ ಹರಕೊಂಡ ಹೊಂಟೈತಿ, ನೋಡ್ರಿ."

ಜಗಳ ತೆಗೆಯೋಣವೆಂದರೆ, ಗಬ್ಬ ಅಂತ ತಿಳಿದೂ ಯಾಕೆ ಸುಮ್ಮನಿದ್ದೆ ಎಂದು ಸಂತೆಯೇ ಕೇಳುತ್ತದೆ. ಸುಮ್ಮನಿದ್ದರೆ, ಇದ್ದದ್ದನ್ನು ಹೇಳುವವನೆಂಬ ಹೆಸರನ್ನು ಹೊತ್ತು ತಿರುಗಲು ನಾಚಿಕೆ. ಮುಂದಿನ ಸಂತೆಯಲ್ಲಿ ನೇರವಾಗಿ ಸತ್ತೆವ್ವನ ಮುಂದೆ ಹೋಗಿ ಕೂತ.

"ಯವ್ವಾ, ಗಬ್ಬ ಐತಿ ಅಂತ ತಿಳದು ನಾ ಸುಮ್ಮನಿದ್ದೆ. ತಪ್ಪಾತು."

ಸತ್ತೆವ್ವ ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನೀ ಹೊಟ್ಟಿ ಒತ್ತತಿ ಅಂತ ಅಂಜಿದ್ದೆ ತಮ್ಮಾ. ಒತ್ತಿದ್ರ ನನ್ನ ಮಾನ ಹೋಗತಿತ್ತು. ನೀ ಕೈ ಕಟಗೊಂಡಿ, ನಾ ಬದಕಿದೆ."

ಇಬ್ಬರೂ ನಕ್ಕರು. ಹೆಚ್ಚಿಗೆ ಹೋದ ದುಡ್ಡನ್ನು ಅವಳು ಕೊಡಲಿಲ್ಲ, ಇವನು ಕೇಳಲಿಲ್ಲ. ಚಹಾ ಮಾತ್ರ ಅವಳೇ ಕುಡಿಸಿದಳು.

ಸುದ್ದಿ ಸಂತೆಯ ತುಂಬ ಹಬ್ಬಿತು. ಜನ ನಕ್ಕರು; ತನ್ನ ತಪ್ಪನ್ನು ತಾನೇ ಹೇಳಿಕೊಂಡವನೆಂದು ನಂಬಿ, ನಕ್ಕವರೇ ತಮ್ಮ ಆಡುಗಳನ್ನು ಅವನ ಮುಂದೆ ತಂದು ನಿಲ್ಲಿಸಿದರು. ಅವನೀಗ ಪ್ರತಿ ಹೊಟ್ಟೆಯನ್ನೂ ಒತ್ತಿ, ಕಂಡದ್ದನ್ನು ಹೇಳಿಯೇ ಕೊಳ್ಳುತ್ತಾನೆ. ಆ ಆಡು ಮನೆಯಲ್ಲೇ ಹಾಯಾಗಿದೆ. ಭಾನುವಾರ ಶೋಧನೆಯ ಮಾತು ಬಂದಾಗ ಮಾತ್ರ ಅವನ ದನಿ ತಗ್ಗುತ್ತದೆ, ಹೆಂಗಸರ ಸಾಲಿನಲ್ಲಿ ಸುಜಾತಾ ಕೆಮ್ಮುತ್ತಾಳೆ.