ಸೆರಗಿನೊಳಗಿನ ಹಾಡು

ಅಂದು ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ತಟ್ಟಲು ಕುಳಿತಿದ್ದೆ. ತಲೆಯ ಮೇಲಿನ ಸೆರಗಿನೊಳಗೆ ಇಯರ್‌ಫೋನ್, ಅದರಲ್ಲಿ ಹೊಸದಾಗಿ ಬಂದ ಕನ್ನಡ ರ್‍ಯಾಪ್. ಹಾಡುವ ಹುಡುಗಿ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಜಗಳಕ್ಕೆ ನಿಂತವಳಂತೆ ಉಸಿರು ಬಿಡದೆ ‘ಐತೆ’, ‘ಅವೆ’ ಎನ್ನುತ್ತಾಳೆ. ಕಾನ್ವೆಂಟಿನಲ್ಲಿ ಹಾಗೆ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದೇ ಮಾತು ತಾಳಕ್ಕೆ ಕುಣಿಯುವುದನ್ನು ಕೇಳಿದ ಮೇಲೆ ಈಗಿನ ಸಿನಿಮಾ ಹಾಡುಗಳು ನನಗೆ ಸಪ್ಪೆ.

ಎದುರಿಗೆ ಅತ್ತೆ ಸೊಪ್ಪು ಸೋಸುತ್ತಾ ಏನೋ ಹೇಳುತ್ತಿದ್ದರು. ನನ್ನ ತಲೆ ಹಾಡಿಗೆ ತೂಗುತ್ತಿತ್ತು. ಹಾಡು ಮುಗಿದಾಗ ಅವರ ಕೊನೆಯ ಮಾತಷ್ಟೇ ಕೇಳಿಸಿತು: “ನಿನ್ನ ಬಿಟ್ರೆ ಇದನ್ನ ಯಾರ ಹತ್ರನೂ ಹೇಳಿಲ್ಲ ಕಣವ್ವ.” ಕಣ್ಣಂಚು ಒದ್ದೆಯಾಗಿತ್ತು. ಒಂದೇ ದಂಟನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. ಏನು ಹೇಳಿದಿರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ಅವರ ಪಕ್ಕದಲ್ಲೇ ಹೋಗಿ ಕುಳಿತೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಸಂಜೆ ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಲೋಟ ಹಿಡಿದು ಹೊರಡುತ್ತಾ ಅಂದರು:

“ನಿಮ್ಮತ್ತೆ ಹೇಳ್ತಿದ್ರು ಕಣ್ರಿ, ಸೊಸೆ ಹತ್ರ ಮಾತಾಡಿದ್ರೆ ಮನ್ಸು ಹಗುರಾಗ್ತೈತೆ, ಪ್ರತಿ ಮಾತಿಗೂ ತಲೆ ಆಡಿಸ್ತಾಳೆ ಅಂತ. ನಮ್ಮನೇಲೂ ಒಬ್ಳವ್ಳೆ, ಹೇಳಿದ್ದು ಕಿವಿಗೇ ಹಾಕ್ಕಳಲ್ಲ.”