ಬರ್ತೀನಿ ಎಂದಿದ್ದ ಖಾಲಮ್ಮ

ಸುಮಾ, ರಘು,

ಮೊನ್ನೆ ನೀವಿಬ್ಬರೂ ಹಜಾರದಲ್ಲಿ ಕೂತು ರಘುವಿನ ವೀಸಾ ಕಾಗದಗಳನ್ನು ಜೋಡಿಸುತ್ತಿದ್ದಿರಿ. ಸುಮಾ ಎಲ್ಲರಿಗೂ ಶರಬತ್ತು ಮಾಡಿ ತಂದಳು. ಲೋಟದ ತಳದಲ್ಲಿ ಕಾಮಕಸ್ತೂರಿ ಬೀಜ ನೀರು ಕುಡಿದು ಉಬ್ಬಿತ್ತು. ಮೇಲೆ ತಾರಸಿಯ ಕುಂಡದಿಂದ ಕಿತ್ತ ಎರಡು ಎಲೆ. ಆ ವಾಸನೆ ಮೂಗಿಗೆ ತಾಗಿದ ಕೂಡಲೇ ನಾನು ಲೋಟ ಕೆಳಗಿಟ್ಟೆ. "ಯಾಕಜ್ಜಿ, ಸಕ್ಕರೆ ಜಾಸ್ತಿ ಆಯ್ತಾ?" ಎಂದು ಕೇಳಿದಳು. ಹೂಂ ಅಂದುಬಿಟ್ಟೆ. ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಆಗಿಬಂದಿಲ್ಲ. ಹಳ್ಳಿ ಶಾಲೆಯ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

"ವಾಪಸ್ ಬಂದೇ ಬರ್ತೀನಿ ಅಂತ ಅವ್ರಿಗೆ ನಂಬಿಕೆ ಬರೋ ಹಾಗೆ ತೋರಿಸ್ಬೇಕಂತೆ" ಎಂದು ರಘು ನಗುತ್ತಿದ್ದ. ಅದನ್ನು ತೋರಿಸಲು ಹೋಗಿ ಸೋತವರೊಬ್ಬರನ್ನು ನಾನು ಕಂಡಿದ್ದೇನೆ...

ಮದುವೆಯಾಗಿ ಹೊಸಕೋಟೆ ಕಡೆಯಿಂದ ಬಂದಾಗ ನಾವಿದ್ದದ್ದು ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ವಠಾರದಲ್ಲಿ. ನಿಮ್ಮ ತಾತ ಬೆಳಗಾಗುವ ಮೊದಲೇ ಸೈಕಲ್ಲು ತುಳಿದುಕೊಂಡು ವಿಮಾನ ಕಾರ್ಖಾನೆಗೆ ಹೋಗಿಬಿಡುತ್ತಿದ್ದರು. ನನಗೆ ತಮಿಳು ಬಾರದು, ಉರ್ದು ಬಾರದು, ಬರುವ ಕನ್ನಡವನ್ನು ಆಡಲೂ ನಾಚಿಕೆ. ಪಕ್ಕದ ಮನೆಯವರು ಒಂಟಿ ಹೆಂಗಸು. ಗಂಡ ತೀರಿಕೊಂಡಿದ್ದರು. ಮಾರುಕಟ್ಟೆಯಲ್ಲಿ ಹೂ ಕಟ್ಟಿ ಜೀವನ. ಬೀದಿಯ ಮಕ್ಕಳು ಅವರನ್ನು ಖಾಲಾ ಎನ್ನುತ್ತಿದ್ದರು. ಹಾಗೆಂದರೆ ಚಿಕ್ಕಮ್ಮ ಎಂದು ನನಗೆ ಗೊತ್ತಿರಲಿಲ್ಲ. ಹಿರಿಯರನ್ನು ಹೆಸರು ಹಿಡಿದು ಕೂಗಿದಂತಾಗುತ್ತದೆ ಎಂದುಕೊಂಡು ಅಮ್ಮ ಸೇರಿಸಿ ಖಾಲಮ್ಮ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಇಡೀ ವಠಾರಕ್ಕೇ ಅವರು ಖಾಲಮ್ಮ ಆದರು.

ಅವರ ಹೊಸಿಲ ಪಕ್ಕ ಒಡೆದ ಗಡಿಗೆಯಲ್ಲಿ ಒಂದು ಕಾಮಕಸ್ತೂರಿ ಗಿಡ. ಅವರು ಅದನ್ನು ಸಬ್ಜಾ ಎನ್ನುತ್ತಿದ್ದರು. ಗಂಡನ ಗೋರಿಯ ಮೇಲೂ ಅದೇ ಗಿಡ. ಹೆಂಗಸರು ಒಳಗೆ ಹೋಗುವಂತಿರಲಿಲ್ಲ, ಬೀಜ ಬಲಿತಾಗ ಖಬರಸ್ತಾನದ ಬಾಗಿಲಲ್ಲಿ ನಿಂತು ಕಾವಲಿನ ಮುದುಕನ ಕೈಗೆ ಕೊಟ್ಟು ಬರುತ್ತಿದ್ದರು. "ಅವರಿಗೆ ನೆರಳು ಬೇಕಲ್ಲ, ಬೇಟಿ" ಎನ್ನುತ್ತಿದ್ದರು. ಒಂದು ಗೇಣು ಗಿಡ ಏನು ನೆರಳು ಕೊಟ್ಟೀತು ಎಂದು ನಾನು ಕೇಳಲಿಲ್ಲ.

ಇದ್ದೊಬ್ಬ ಮಗಳನ್ನು ದೇಶ ಒಂದೇ ಆಗಿದ್ದಾಗ ಕರಾಚಿಗೆ ಕೊಟ್ಟಿದ್ದರು. ದೇಶ ಎರಡಾದ ಮರುವರ್ಷ ಮಗಳಿಗೆ ಮತ್ತೆ ದಿನ ತುಂಬುತ್ತ ಬಂದಿತ್ತು. ಮೊದಲನೆಯ ಕೂಸು ಹೆರಿಗೆಯಲ್ಲೇ ಹೋಗಿತ್ತು. ಈ ಸಲ ಅಮ್ಮ ಬರಲೇಬೇಕೆಂದು ಹಟ. ಖಾಲಮ್ಮನಿಗೋ ಬಾಣಂತನ ಮುಗಿಸಿ ವಾಪಸು ಬರಬೇಕು. ಆದರೆ ಆಗ ಹೋಗುವುದಕ್ಕೂ ಪರ್ಮಿಟ್ಟು, ಬರುವುದಕ್ಕೂ ಪರ್ಮಿಟ್ಟು.

ಅವರಿಗೆ ಓದು ಬರಹ ಇಲ್ಲವೆಂದು ನಿಮ್ಮ ತಾತ ರಜೆ ಹಾಕಿ ಜೊತೆಗೆ ಕಚೇರಿಗೆ ಹೋದರು. ಅಲ್ಲಿ ನಡೆದದ್ದನ್ನು ಬಂದು ಹೇಳಿದ್ದು ಅವರೇ.

ಅಧಿಕಾರಿ ಕೇಳಿದರಂತೆ, "ಮಗಳು ಅಲ್ಲಿ, ಅಳಿಯ ಅಲ್ಲಿ. ಬಾಡಿಗೆ ಮನೆ. ಇಲ್ಲಿಗೆ ಯಾಕೆ ಬರ್ತೀಯಮ್ಮ?"

"ನಮ್ಮ ಯಜಮಾನ್ರು ಇಲ್ಲೇ ಇದಾರಲ್ಲ ಸಾಹೇಬ್ರೆ."

"ಎಲ್ಲಿ ಕೆಲಸ ಅವರಿಗೆ?"

"ಕೆಲಸ ಎಲ್ಲಾ ಮುಗೀತು. ಖಬರಸ್ತಾನದಲ್ಲಿ ಇದಾರೆ."

ಅಧಿಕಾರಿ ಲೇಖನಿ ಕೆಳಗಿಟ್ಟರಂತೆ. ಬೈಯಲಿಲ್ಲವಂತೆ. ವಿಚಾರಣೆಗೆ ಪೊಲೀಸಿನವರು ಮನೆಗೆ ಬರುತ್ತಾರೆ ಎಂದಷ್ಟೇ ಹೇಳಿ ಕಳಿಸಿದರಂತೆ.

ಪೊಲೀಸಿನವರು ಬರುವ ಮೊದಲೇ ಖಾಲಮ್ಮ ಪ್ರಯಾಣದ ಶಾಸ್ತ್ರ ಶುರು ಮಾಡಿಬಿಟ್ಟಿದ್ದರು. ಅವರಲ್ಲಿ ದೂರ ಹೋಗುವವರು ಮನೆ ಮನೆಗೆ ಹೋಗಿ, ಆಡಿದ್ದು ಮಾಡಿದ್ದೆಲ್ಲ ಮಾಫಿ ಮಾಡಿ ಎಂದು ಕೇಳಿಕೊಂಡೇ ಹೊರಡಬೇಕು. ನನ್ನ ಹತ್ತಿರವೂ ಬಂದರು.

"ನೀವೇನು ಮಾಡಿದೀರಿ ಖಾಲಮ್ಮ, ಮಾಫಿ ಮಾಡೋಕೆ?"

"ನಿನ್ನ ಸಾರು ಸಪ್ಪೆ ಅಂತ ಬೀದಿಗೆಲ್ಲ ಹೇಳಿದೀನಿ. ನಿಜಾನೇ ಹೇಳಿದ್ದು. ಆದ್ರೂ ಮಾಫ್ ಮಾಡ್ಬಿಡು."

ಇಬ್ಬರೂ ನಕ್ಕೆವು. ಸಾಕಿದ್ದ ಕೋಳಿಗಳನ್ನೂ ಪಾತ್ರೆಗಳನ್ನೂ ಎದುರು ಮನೆಗೆ ಕೊಟ್ಟರು. ಕಾಮಕಸ್ತೂರಿಯ ಗಡಿಗೆಯನ್ನು ನಮ್ಮ ಹೊಸಿಲಿಗೆ ತಂದಿಟ್ಟರು.

ಆ ದಿನವೇ ಪೊಲೀಸಿನವನು ಬಂದ. ನಾನು ಬಾಗಿಲ ಮರೆಯಲ್ಲಿದ್ದೆ. ಬುಟ್ಟಿಯಲ್ಲಿ ಕೋಳಿ ಯಾಕಿಲ್ಲ, ಮನೆ ಯಾಕೆ ಖಾಲಿ ಎಂದು ನೋಡುತ್ತ ನಿಂತ. ಖಾಲಮ್ಮ ಅವನಿಗೆ ಕುಡಿಯಲು ನೀರು ಕೊಟ್ಟು, ಅವನಿಗೂ ಕೈ ಮುಗಿದುಬಿಟ್ಟರು.

"ನಿಂಗೂ ನನ್ನಿಂದ ಸುಮ್ನೆ ಓಡಾಟ ಆಯ್ತು. ಮಾಫ್ ಮಾಡಪ್ಪ."

"ಯಾಕಮ್ಮ ಹಿಂಗಂತೀಯ? ಮತ್ತೆ ಬರಲ್ವಾ?"

"ಬರ್ದೇ ಎಲ್ಲೋಗ್ಲಿ? ಬರ್ತೀನಿ. ಆದ್ರೆ ಹಡಗಿನ ದಾರಿ, ಉಸಿರು ನಮ್ಮ ಕೈಲಿದ್ಯಾ?"

ಅವನು ಬೀದಿಯಲ್ಲೂ ಒಂದಿಬ್ಬರನ್ನು ಕೇಳಿದ. ಹೌದು ಸ್ವಾಮಿ, ಎಲ್ಲರ ಹತ್ತಿರ ಮಾಫಿ ಕೇಳಿಕೊಂಡರು, ಕೋಳಿ ಕೊಟ್ಟುಬಿಟ್ಟರು ಎಂದು ಅವರೂ ನಿಜವನ್ನೇ ಹೇಳಿದರು. ಒಳ್ಳೆಯದನ್ನೇ ಹೇಳುತ್ತಿದ್ದೇವೆ ಎಂದುಕೊಂಡಿದ್ದರು, ಪಾಪ.

ಸ್ವಲ್ಪ ದಿನಕ್ಕೆ ಉತ್ತರ ಬಂತು. ಹೋಗಲು ಅಡ್ಡಿಯಿಲ್ಲ. ಮರಳಿ ಬರಲು ಅನುಮತಿ ಇಲ್ಲ. ಎಲ್ಲವನ್ನೂ ಹಂಚಿ, ಎಲ್ಲರಿಗೂ ವಿದಾಯ ಹೇಳಿದ ಹೆಂಗಸು ತಿರುಗಿ ಬರುವ ಉದ್ದೇಶದವಳಲ್ಲ ಎಂದು ಅವರ ತೀರ್ಮಾನ. ಅದು ವಿದಾಯವಲ್ಲ, ಶಾಸ್ತ್ರ ಎಂದು ನಿಮ್ಮ ತಾತ ಮತ್ತೆ ಹೋಗಿ ಹೇಳಿ ನೋಡಿದರು. ಆ ಅಧಿಕಾರಿಯ ಊರ ಕಡೆ ಅಂಥ ಪದ್ಧತಿ ಇರಲಿಲ್ಲವೋ ಏನೋ... ಕೇಳಲಿಲ್ಲ.

ಖಾಲಮ್ಮ ಎರಡು ದಿನ ಹೂ ಕಟ್ಟಲು ಹೋಗಲಿಲ್ಲ. ಹೊಸಿಲ ಮೇಲೆ ಕೂತೇ ಇದ್ದರು. ಇತ್ತ ಗೋರಿ, ಅತ್ತ ಮಗಳು. ಮೂರನೆಯ ದಿನ ಎದ್ದು ಬಟ್ಟೆ ಗಂಟು ಕಟ್ಟಿದರು.

ಹೊರಡುವಾಗ ನನ್ನ ಕೆನ್ನೆ ಹಿಡಿದು, "ಹೋಗ್ತೀನಿ, ಬೇಟಿ" ಎಂದರು.

ಮನೆಯಿಂದ ಹೊರಡುವವರು ಹಾಗೆ ಅನ್ನಬಾರದು. ನನ್ನ ಬಾಯಿಂದ ತಾನಾಗಿ ಬಂತು. "ಹೋಗಿ ಬರ್ತೀನಿ ಅನ್ನಿ, ಖಾಲಮ್ಮ."

"ಬರ್ತೀನಿ ಬರ್ತೀನಿ ಅಂತ ನಿಜ ಹೇಳ್ದಾಗ ಯಾರೂ ನಂಬ್ಲಿಲ್ಲ. ಈಗ ಅಂದ್ರೆ ಸುಳ್ಳಾಗುತ್ತೆ. ನಿನ್ನ ಹತ್ರ ಸುಳ್ಳು ಹೇಳ್ಲಾ?"

ಜಟಕಾ ಮಾರುಕಟ್ಟೆಯ ತಿರುವು ದಾಟುವವರೆಗೂ ಅವರು ಹಿಂತಿರುಗಿ ನೋಡಲಿಲ್ಲ.

ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಯಾರ ಕೈಯಲ್ಲೋ ಬರೆಸಿದ ಒಂದು ಕಾರ್ಡು ಬಂತು. ಅದಾದ ಮೇಲೆ ಏನೂ ಇಲ್ಲ... ಬದುಕಿದ್ದರೋ, ಎಲ್ಲಿ ಮಣ್ಣಾದರೋ. ಅವರ ಮೇಲೆ ಸಬ್ಜಾ ಹಾಕುವವರು ಇದ್ದರೋ.

ಪ್ರತಿವರ್ಷ ಆ ಗಡಿಗೆಯ ಬೀಜವನ್ನು ತೆಗೆದು ನಿಮ್ಮ ತಾತನ ಕೈಯಲ್ಲಿ ಖಬರಸ್ತಾನಕ್ಕೆ ಕಳಿಸುತ್ತಿದ್ದೆ. ಆಮೇಲೆ ನಾವು ಬಾಣಸವಾಡಿಗೆ ಬಂದೆವು. ಇಲ್ಲಿ ಒಂದು ಸಲ ಬಿತ್ತಿದ್ದು ಮೊಳೆಯಲೇ ಇಲ್ಲ, ಆ ಬೀಜ ಅಲ್ಲಿಗೆ ಮುಗಿಯಿತು. ಸುಮಾ, ನಿನ್ನ ಕುಂಡದಲ್ಲಿರುವುದು ನರ್ಸರಿಯ ಗಿಡ. ವಾಸನೆ ಅದೇ, ಸಂತತಿ ಬೇರೆ. ಅದಕ್ಕೇ ಲೋಟ ಕೆಳಗಿಟ್ಟೆ, ಸಕ್ಕರೆಯದೇನೂ ತಪ್ಪಿಲ್ಲ.

ರಘು, ನಿನ್ನ ಕಾಗದಗಳ ಜೊತೆ ಈ ಹಾಳೆಗಳನ್ನೂ ಒಂದು ಕಡೆ ಎತ್ತಿಡು, ಇರುವೆ ಗೆದ್ದಲು ತಾಗದ ಹಾಗೆ. ಖಾಲಮ್ಮ ಬರ್ತೀನಿ ಎಂದದ್ದು ನಿಜವಾಗಿತ್ತು ಎಂದು ಬೇರೆ ಎಲ್ಲಿಯೂ ಬರೆದಿಲ್ಲ.