ಒಂದೇ ಲಕ್ಷ್ಮಿ, ಇಬ್ಬರು ಸೊಸೆಯರು

ಮನೆ ಪಾಲಾಗುವಾಗ ದೇವರನ್ನು ಹೇಗೆ ಹಂಚುತ್ತೀರಿ?

ತೊಂಬತ್ತರ ದಶಕದ ಮಾತು. ತಳಕಿನ ನಮ್ಮ ಮನೆಯಿಂದ ವಾರಗಿತ್ತಿ ಗಿರಿಜ ಬೇರೆ ಸಂಸಾರ ಹೂಡಲು ಮೊಳಕಾಲ್ಮೂರಿಗೆ ಹೊರಟಿದ್ದಳು. (ಈ ಊರಿನ ಹೆಸರನ್ನು ಈಗ ಫೋನಿನಲ್ಲಿ ಟೈಪ್ ಮಾಡುವುದಕ್ಕೇ ನನಗೆ ಕಾಲು ಗಂಟೆ ಹಿಡಿಯಿತು.) ಪಾತ್ರೆ, ಹಾಸಿಗೆ ಎಲ್ಲ ಪಾಲಾದವು. ಉಳಿದದ್ದು ನಮ್ಮತ್ತೆಯ ಅತ್ತೆ ತಂದಿದ್ದ ಲಕ್ಷ್ಮಿ ಪಟ.

"ನಂಗದು ಬೇಕೇ ಬೇಕು," ಅಂದಳು ಗಿರಿಜ.

"ನಂಗೂ," ಅಂದೆ. ಬಿಡುತ್ತೇನೆಯೇ?

ಅತ್ತೆ ಚಳ್ಳಕೆರೆಯಿಂದ ಸ್ಟುಡಿಯೋದವನನ್ನು ಕರೆಸಿದರು. "ಇದರ ಫೋಟೊ ತೆಗ್ದು ಇಷ್ಟೇ ದೊಡ್ಡದು ಮಾಡ್ಕೊಡಪ್ಪ. ಅಸಲು ಹಿರೇ ಸೊಸೆಗೆ, ಕಾಪಿ ಕಿರೇಳಿಗೆ."

ಅವನು ನಕ್ಕ. "ಅಮ್ಮಾ, ಇದೂ ಕಾಪಿನೇ. ಅಸಲು ಯಾವ್ದೋ ಅರಮನೇಲೈತೆ. ಆಗಿನೋರು ಅದರ ಫೋಟೊ ತೆಗ್ದು, ಅಚ್ಚಾಕಿ ಊರೂರಿಗೆ ಮಾರಿದ್ರು. ಇಲ್ದಿದ್ರೆ ಇಂಥ ಲಕ್ಷ್ಮಿ ನಮ್ಮಂಥೋರ ಮನೆಗೆಲ್ಲಿ ಬರ್ತಿದ್ಲು?"

"ಮೂರು ತಲೆ ಪೂಜೆ ಮಾಡೀವಿ. ನಮಗೆ ಇವಳೇ ಅಸಲು," ಅಂದರು ಅತ್ತೆ. (ಇದಕ್ಕೆ ಯಾವ ಪಂಡಿತ ಉತ್ತರ ಕೊಟ್ಟಾನು?)

"ಹಂಗಾರೆ ಗಾಜು ಬಿಚ್ಚಿಕೊಡ್ರಿ, ಅದಕ್ಕೆ ಬೆಳಕು ಹೊಡೀತೈತೆ."

"ಗಾಜಿನ ಮ್ಯಾಲೆ ಕುಂಕುಮ ಐತಲ್ಲೋ, ಬಿಚ್ಚಿದ್ರೆ ಅಳಿಸೋಗ್ತೈತೆ! ಮುತ್ತೈದೇರ ಮನೇಲಿ ಇಟ್ಟ ಕುಂಕುಮ ಅಳಿಸ್ತಾರಾ? ಹಂಗೇ ತೆಗಿ."

ಸರಿ, ಗಾಜಿನಲ್ಲಿ ಬೆಳಕು ಹೊಳೆಯದಂತೆ ಕ್ಯಾಮೆರಾ ಹಿಂದೆ ನಿಂತು ಕರಿಕಂಬಳಿ ಹಿಡಿಯುವ ಕೆಲಸ ನನಗೆ ಬಂತು. ತಲೆ ಎತ್ತಬೇಡಿ ಅಂದಿದ್ದ. ಕ್ಯಾಮೆರಾ ಹೇಗೆ ಕ್ಲಿಕ್ ಅನ್ನುತ್ತದೆ ಅಂತ ನೋಡದೆ ಇರುವುದಾದರೂ ಹೇಗೆ? ಕಂಬಳಿ ಮೇಲಿಂದ ಇಣುಕಿದೆ.

ಸ್ಟುಡಿಯೋದವನು ಕಾಪಿಗೆ ಕಟ್ಟು ಹಾಕಿಸಿ, ಪೇಪರ್ ಸುತ್ತಿ ಕಳಿಸಿದ. ಅದು ಹಾಗೇ ಮೊಳಕಾಲ್ಮೂರಿಗೆ ಹೋಯಿತು. ಮಾರನೇ ದಿನವೇ ಗಿರಿಜ ಪಟ ಬಗಲಲ್ಲಿಟ್ಟುಕೊಂಡು ಬಸ್ಸಿಳಿದಳು.

"ಏನಕ್ಕಾ ಇದು? ಲಕ್ಷ್ಮಿ ಪಕ್ಕ ಹಲ್ಲು ಬಿಟ್ಕಂಡು ನಿಂತೀರಲ್ರೀ! ದಿನಾ ನಿಮಗೆ ಆರತಿ ಎತ್ಲಾ?"

ನೋಡಿದೆ. ಗಾಜಿನಲ್ಲಿ ನನ್ನ ಮುಖ, ಮಸುಕಾಗಿ. ಗಾಜಿನ ಅಂಚಿಗಿಟ್ಟಿದ್ದ ಕುಂಕುಮ ಸರಿಯಾಗಿ ನನ್ನ ಹಣೆಗೇ ಬಂದಿತ್ತು.

"ಎತ್ತು. ಹಿರಿಯಳಲ್ವಾ?"

ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡಳು. "ಹೊಸಾ ಮನೇಲಿ ದೇವ್ರು ಬ್ಯಾಡ್ವೇನಕ್ಕಾ ನಂಗೆ?"

ಅತ್ತೆ ಗೋಡೆಯ ಲಕ್ಷ್ಮಿಯನ್ನು ಇಳಿಸಿ ಅವಳ ಕೈಗಿಟ್ಟರು. "ಆ ಕಾಪೀನ ಇಣುಕಿದೋಳೇ ಇಟ್ಕಳ್ಳಿ," ಅಂದರು.

ಬರೀ ಮೊಳೆ ಕಂಡು ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಕಾಪಿಯನ್ನೇ ತೂಗುಹಾಕಿದೆ.

ಈಗಲೂ ಮನೆಗೆ ಬಂದವರು ಆ ಪಟಕ್ಕೆ ಕೈಮುಗಿಯುತ್ತಾರೆ. ನಾನು ಪಕ್ಕದಲ್ಲೇ ನಿಂತು "ಒಳ್ಳೇದಾಗ್ಲಿ" ಅಂತೀನಿ. ತಪ್ಪಾ?